ಅಳಿಲಿನ ಕವರಿನಲ್ಲಿದ್ದ ಪ್ಲೇಟು

ನನ್ನ ಸೋದರಮಾವನಿಗೆ ಊರೆಲ್ಲ ಪ್ಲೇಟು ಮಾವ ಎಂದೇ ಹೆಸರು. ರೇಡಿಯೋ ನಿಲಯದಲ್ಲಿ ಗ್ರಾಮಫೋನ್ ಪ್ಲೇಟುಗಳನ್ನು ಕಾಯುವುದು ಅವನ ಕೆಲಸ. ನಾಲ್ಕು ಸಾವಿರ ಪ್ಲೇಟುಗಳ ಧೂಳನ್ನು ಹನ್ನೊಂದು ವರ್ಷ ಒರೆಸಿ ಒರೆಸಿ ಅಂಗೈಯ ಗೆರೆಗಳೆಲ್ಲ ಅಳಿಸಿಹೋಗಿದ್ದವು. ಕೈ ನೋಡಿ ಭವಿಷ್ಯ ಹೇಳುವವನೊಬ್ಬ, "ಸ್ವಾಮಿ, ನಿಮಗೆ ಭವಿಷ್ಯವೇ ಇಲ್ಲ" ಎಂದು ಕಾಸೂ ಕೇಳದೆ ಎದ್ದು ಓಡಿದನಂತೆ.

ಅತ್ತೆಯೂ ಇದನ್ನು ಒಪ್ಪುತ್ತಿದ್ದಳು, ಬೇರೆ ಕಾರಣಕ್ಕೆ. ಹನ್ನೊಂದು ವರ್ಷವಾದರೂ ಮಾವನ ಕೆಲಸ ಖಾಯಂ ಆಗಿರಲಿಲ್ಲ.

"ನೀವು ಕೂರೋ ಕುರ್ಚಿಗೂ ಆಫೀಸಿನ ನಂಬರು ಬಿದ್ದಿದೆ. ನಿಮಗೆ ಯಾವಾಗ್ರೀ ಬೀಳೋದು?"

"ಇವತ್ತೇ ಕಣೇ. ಮಧ್ಯಾಹ್ನ ಸಾಹೇಬರು ಸಹಿ ಹಾಕೋಕೆ ಕರೆದಿದ್ದಾರೆ."

"ಬೀಳಲಿ. ತಲೆ ಮೇಲೆ ಬೀಳದಿದ್ದರೆ ಸಾಕು."

ಅತ್ತೆಯದು ಕರಿನಾಲಿಗೆ.

ಆಗ ಊರಿನ ಗಾಳಿಯೇ ಸರಿ ಇರಲಿಲ್ಲ. ಮೂವತ್ತು ವರ್ಷ ನಾಡನ್ನಾಳಿದ ಹಿರಿಯರು ಹಾಸಿಗೆ ಹಿಡಿದಿದ್ದರು. ಹಾಗಂತ ಯಾರೂ ಬಾಯಿಬಿಡುವಂತಿರಲಿಲ್ಲ. "ಹಿರಿಯರು ಲವಲವಿಕೆಯಿಂದಿದ್ದಾರೆ" ಎಂದು ರೇಡಿಯೋ ದಿನಕ್ಕೆ ಮೂರು ಸಲ ಹೇಳುತ್ತಿತ್ತು. ನಿಜಕ್ಕೂ ಲವಲವಿಕೆಯಿಂದಿರುವವರ ಬಗ್ಗೆ ಹಾಗೆ ಹೇಳಬೇಕಾಗಿಲ್ಲ ಎಂದು ಊರ ಕತ್ತೆಗಳಿಗೂ ಗೊತ್ತಿತ್ತು. ನಿಲಯದ ಗೇಟಿನ ಬಳಿ ಮೂರು ದಿನದಿಂದ ಒಂದು ಕರಿ ಕಾರು. ಒಳಗೆ ಇಬ್ಬರು ಪೇಪರ್ ಓದುತ್ತಿದ್ದರು, ಮೂರು ದಿನವೂ ಅದೇ ಪೇಪರ್. ಹಿಂದೊಮ್ಮೆ ಹಿರಿಯರ ಮೀಸೆಯ ಬಗ್ಗೆ ನಕ್ಕ ಗುಮಾಸ್ತನೊಬ್ಬ ಅಂಥದೇ ಕಾರು ಹತ್ತಿದ್ದ. ಅವನ ಕೊಡೆ ಇನ್ನೂ ಆಫೀಸಿನ ಮೂಲೆಯಲ್ಲೇ ಇತ್ತು.

ನಿಲಯದಲ್ಲೊಂದು ಪದ್ಧತಿ. ನಾಡಿನ ದೊಡ್ಡ ಜೀವ ಹೋದರೆ ನಡೆಯುತ್ತಿರುವುದನ್ನೆಲ್ಲ ನಿಲ್ಲಿಸಿ ಪಿಟೀಲಿನ ಒಂದು ಶೋಕದ ಪ್ಲೇಟು ಹಾಕಬೇಕು. ಬೇರೆ ದಿನ ಅದನ್ನು ಹಾಕುವಂತೆಯೇ ಇಲ್ಲ. ಫೋನ್ ಬಂದ ನಿಮಿಷದೊಳಗೆ ಹಾಕಬೇಕಾದ್ದರಿಂದ ಅದು ಸ್ಟುಡಿಯೋದ ಮೇಜಿನ ಮೇಲೇ ಇರಬೇಕು. ಆದರೆ ಅಲ್ಲಿ ಯಾರ ಕಣ್ಣಿಗಾದರೂ ಬಿದ್ದರೆ ಹಿರಿಯರ ಸಾವಿಗೆ ಕಾದು ಕೂತಂತಾಗುತ್ತದೆ.

"ಇರಬೇಕು, ಆದರೆ ಕಾಣಬಾರದು," ಎಂದಿದ್ದರು ಸಾಹೇಬರು. "ನಮ್ಮಿಬ್ಬರನ್ನು ಬಿಟ್ಟು ಮೂರನೆಯ ಕಿವಿಗೆ ಬೀಳಬಾರದು."

ಮಾವ ಲೇಬಲ್ಲಿನ ಮೇಲೆ ಬಿಳಿ ಕಾಗದ ಅಂಟಿಸಿ, ಪ್ಲೇಟನ್ನು ಅಳಿಲಿನ ಚಿತ್ರದ ಕವರಿಗೆ ತೂರಿಸಿದ. ಅದು ಮಕ್ಕಳ ನಗೆಹಾಡಿನ ಕವರು. ಹನ್ನೊಂದು ವರ್ಷದಲ್ಲಿ ಅದನ್ನು ಒಂದು ನರಪಿಳ್ಳೆಯೂ ಕೇಳಿರಲಿಲ್ಲ.

ಅವತ್ತು ಬೆಳಿಗ್ಗೆ ರೇಡಿಯೋದಲ್ಲಿ ಕೊಳಲು ಬಂತು, ಆಮೇಲೆ ರೈತರಿಗೆ ಗೊಬ್ಬರದ ಮಾತು, ಗೃಹಿಣಿಯರಿಗೆ ಬಟ್ಟೆಯ ಕಲೆ ತೆಗೆಯುವ ಉಪಾಯ. ಮಧ್ಯಾಹ್ನ ಹಲ್ಲಿನ ಡಾಕ್ಟರ ಭಾಷಣ. ಸಾವಿರ ಜನರ ಬಾಯಿ ತೆರೆಸಿದ ಮನುಷ್ಯ, ಕೆಂಪು ದೀಪ ಹತ್ತಿದ್ದೇ ತಡ, ತಮ್ಮ ಬಾಯಿ ಒಣಗಿಸಿಕೊಂಡರು. ಹದಿನೈದು ನಿಮಿಷದ ಭಾಷಣ ಆರೇ ನಿಮಿಷಕ್ಕೆ ಮುಗಿಯಿತು; ಮೂವತ್ತೆರಡು ಹಲ್ಲುಗಳಲ್ಲಿ ಹದಿನೆಂಟು ಮಾತಿಗೇ ಸಿಗಲಿಲ್ಲ. ಉಳಿದ ಒಂಬತ್ತು ನಿಮಿಷ ತುಂಬಿಸಲು ಉದ್ಘೋಷಕಿ ಗಾಬರಿಯಲ್ಲಿ ಮೇಜಿನ ಮೇಲೆ ಕೈಯಾಡಿಸಿದಳು. ಅಳಿಲು ಸಿಕ್ಕಿತು.

ಅದೇ ಹೊತ್ತಿಗೆ ಮಾವ ಸಾಹೇಬರ ಕೋಣೆಯಲ್ಲಿ ಖಾಯಂ ಕಾಗದಕ್ಕೆ ಸಹಿ ಹಾಕುತ್ತಿದ್ದ. ಗೋಡೆಯ ಮೇಲಿನ ಸ್ಪೀಕರು ಹೇಳಿತು: "ಈಗ ಪುಟಾಣಿಗಳಿಗಾಗಿ ಒಂದು ನಗೆಹಾಡು."

ಪಿಟೀಲು ಅಳತೊಡಗಿತು.

ಮಾವನ ಸಹಿ ಅರ್ಧಕ್ಕೇ ನಿಂತಿತು. ಸಾಹೇಬರ ಮುಖ ಸುಣ್ಣವಾಯಿತು.

"ಫೋನ್ ಬಂತೇನ್ರೀ?"

"ಇಲ್ಲ ಸಾರ್."

"ಮತ್ತೆ ಯಾರು ಸತ್ತರು?"

"ಸದ್ಯಕ್ಕೆ ನಾನು, ಸಾರ್."

ಮಾವ ಓಡಿದ ರಭಸಕ್ಕೆ ಚಪ್ಪಲಿಗಳು ಎರಡು ನಿಮಿಷ ತಡವಾಗಿ ಸ್ಟುಡಿಯೋ ಸೇರಿದವು ಎನ್ನುತ್ತಾರೆ. ಮುಳ್ಳು ಎತ್ತುವಷ್ಟರಲ್ಲಿ ನಲವತ್ತು ಸೆಕೆಂಡು ಕಳೆದಿತ್ತು.

"ಅಣ್ಣಾ, ಅಳಿಲು ಅಂತ ಇತ್ತಲ್ಲಾ!" ಎಂದು ಉದ್ಘೋಷಕಿ ಬಾಯಿಗೆ ಸೆರಗು ಅದುಮಿಕೊಂಡಳು.

ಹೊರಗೆ ಅಂಗಡಿಗಳ ಬಾಗಿಲು ಒಂದರ ಹಿಂದೊಂದು ಬಿದ್ದವು, ಗುಡುಗು ಬೀದಿಯಲ್ಲಿ ನಡೆದುಹೋದ ಹಾಗೆ. ಆಮೇಲೆ ಹೊಲಿಗೆ ಮಿಷನ್ನಿನ ಸದ್ದೂ ಇಲ್ಲ. ಕಾರಿನಲ್ಲಿದ್ದವರು ಮೊದಲ ಸಲ ಪೇಪರ್ ಮಡಿಸಿದರು.

ಅಷ್ಟರಲ್ಲಿ ಫೋನ್ ಬಂತು, ಹಿರಿಯರ ಮನೆಯಿಂದ. ಸಾಹೇಬರು ಎದ್ದು ನಿಂತೇ ಎತ್ತಿಕೊಂಡರು. ಕಾರ್ಯದರ್ಶಿಯ ದನಿ ಕೋಣೆಗೆ ಮರಳಿದ್ದ ಮಾವನಿಗೂ ಕೇಳಿಸುತ್ತಿತ್ತು.

"ಹಿರಿಯರು ಕೇಳಿಸಿಕೊಂಡರು. ಯಾರು ಸತ್ತದ್ದು ಅಂದರು. ಇಲ್ಲಿ ಯಾರೂ ಉಸಿರೆತ್ತಲಿಲ್ಲ."

"ದೊಡ್ಡ ತಪ್ಪಾಯಿತು ಸ್ವಾಮಿ..."

"ಅರ್ಧಕ್ಕೆ ಯಾಕೆ ನಿಲ್ಲಿಸಿದರು ಅಂತಿದ್ದಾರೆ. ಆರು ಗಂಟೆಯ ನಾಟಕ ಬಿಟ್ಟು ಅದನ್ನೇ ಪೂರ್ತಿ ಹಾಕಿ. ಆ ಪ್ಲೇಟನ್ನು ಅಲ್ಲಿ ಇಟ್ಟವನೇ ಹಾಕಲಿ. ಮುಗಿದ ಮೇಲೆ ಅವನನ್ನು ಕಾರು ಹತ್ತಿಸಿ. ಹಿರಿಯರು ಅವನ ಮುಖ ನೋಡಬೇಕಂತೆ."

ಐದು ಗಂಟೆಗೆ ಅತ್ತೆ ಗೇಟಿಗೆ ಬಂದಳು. ಪಕ್ಕದ ಮನೆಯ ರೇಡಿಯೋದಲ್ಲಿ ಕೇಳಿದ್ದಳಂತೆ.

"ನೀವೇ ತಾನೆ?"

"ಹೇಗೆ ಗೊತ್ತಾಯ್ತು?"

"ನಗಿಸ್ತೀನಿ ಅಂತ ಹೇಳಿ ಅಳಿಸೋದು ಇನ್ಯಾರಿಗೆ ಬರುತ್ತೆ?" ಎಂದವಳು ಕಾರಿನ ಕಡೆ ನೋಡಿ ದನಿ ತಗ್ಗಿಸಿದಳು. "ನಿಮ್ಮ ಕೊಡೆ ಕೊಡಿ ಇಲ್ಲಿ. ಒಳಗೆ ಬಿಟ್ಟು ಹೋಗಬೇಡಿ."

ಮಾವ ಕೊಡೆ ಕೊಟ್ಟ. ಅವಳು ಅದನ್ನು ಎದೆಗೊತ್ತಿಕೊಂಡು ಗೇಟಿನ ಬಳಿಯೇ ನಿಂತಳು.

ಆರಕ್ಕೆ ಮಾವ ಮುಳ್ಳು ಇಳಿಸಿದ. ನಾಟಕದವರು ಅಂಟಿಸಿದ ಮೀಸೆಗಳಲ್ಲೇ ಗೋಡೆಗಾತು ನಿಂತಿದ್ದರು. ರೇಡಿಯೋದಲ್ಲಿ ಮೀಸೆ ಯಾಕೆ ಎಂದು ಅವತ್ತು ಯಾರೂ ಕೇಳಲಿಲ್ಲ. ಒಂದು ಬದಿಗೆ ಮೂರೂವರೆ ನಿಮಿಷ. ಎರಡು ಬದಿಗೆ ಏಳು. ಆಮೇಲೆ ಕಾರು. ಮೊದಲ ಬದಿ ಮುಗಿಯಿತು. ಮಾವ ಪ್ಲೇಟನ್ನು ಮಗುಚಿ, ಗಾಜಿನಾಚೆ ಫೋನಿನ ಪಕ್ಕ ಕೂತ ಸಾಹೇಬರ ಕಡೆ ನೋಡಿದ.

ಎರಡನೆಯ ಬದಿಯ ನಡುವೆ ಫೋನ್. ಸಾಹೇಬರು ಕೇಳಿಸಿಕೊಂಡರು, ಇಳಿಸಿದರು. ಗಾಜಿನಾಚೆಯಿಂದ ಮಾವನಿಗೆ ಬೆರಳು ಸುತ್ತಿಸಿ ತೋರಿಸಿದರು: ನಿಲ್ಲಿಸಬೇಡ. ಮತ್ತೆ ಹಾಕು. ಹಾಕುತ್ತಲೇ ಇರು.

ಗೇಟಿನ ಬಳಿಯ ಕಾರು ಮಾವನನ್ನು ಹತ್ತಿಸಿಕೊಳ್ಳದೆಯೇ ಹೊರಟುಹೋಯಿತು. ಅವನ ಮುಖ ನೋಡಬೇಕಾದ ಕಣ್ಣುಗಳು ಮುಚ್ಚಿದ್ದವು.

ಮೂರು ದಿನ ಮಾವ ಅದೊಂದೇ ಪ್ಲೇಟನ್ನು ಮಗುಚಿದ. ನಾಲ್ಕನೆಯ ದಿನ ಸಾಹೇಬರು ಅರ್ಧ ಸಹಿಯ ಕಾಗದವನ್ನು ತಾವೇ ತಂದು, "ಪೂರ್ತಿ ಮಾಡಿಬಿಡಿ" ಎಂದರು. ಕೊಡುವಾಗ ಅವನ ಕೈ ತಾಗದಂತೆ ಕಾಗದದ ತುದಿ ಹಿಡಿದಿದ್ದರು.

"ನಂಬರು ಬಿತ್ತಲ್ಲ," ಎಂದ ಮಾವ ಮನೆಯಲ್ಲಿ. ಅತ್ತೆ ಕೊಡೆಯನ್ನು ಬೀರುವಿನೊಳಗಿಟ್ಟು ಬೀಗ ಹಾಕಿದಳು.

ವಾರ ಕಳೆದ ಮೇಲೆ ಗೇಟಿನ ಬಳಿ ಮತ್ತೆ ಕರಿ ಕಾರು. ಹೊಸ ಇಬ್ಬರು, ಹೊಸ ಪೇಪರ್. ಹೊಸದಾಗಿ ಪಟ್ಟಕ್ಕೆ ಬಂದವರ ಕಚೇರಿಯಿಂದ ಮಾವನ ಹೆಸರಿಗೆ ಒಂದೇ ಸಾಲಿನ ಕಾಗದ ಬಂದಿತ್ತು: ಆ ಪ್ಲೇಟು ಈಗ ಯಾವ ಕವರಿನಲ್ಲಿದೆ?