ಹೆಪ್ಪು ಯಾರ ಮನೆಯದು

ಮೊಸರಜ್ಜಿಯ ಬಲಗೈ ಕಿರುಬೆರಳು ಉಳಿದ ಬೆರಳುಗಳಿಗಿಂತ ಬೆಳ್ಳಗಿತ್ತು. ನೆನೆಹಾಕಿ ಸಿಪ್ಪೆ ಸುಲಿದ ಬಾದಾಮಿಯ ಹಾಗೆ. ತುದಿಯಲ್ಲಿ ಚರ್ಮ ಸಣ್ಣಗೆ ನಿರಿಗೆಗಟ್ಟಿತ್ತು. ಕಾಯಿಸಿದ ಹಾಲು ಹೆಪ್ಪಿಗೆ ಹದವಾಯಿತೇ ಎಂದು ನೋಡಲು ಅವರು ಮುಳುಗಿಸುತ್ತಿದ್ದುದು ಆ ಒಂದು ಬೆರಳನ್ನೇ. ಮುಳುಗಿಸಿ, ಕಣ್ಣು ಮುಚ್ಚಿ, ದೂರದಲ್ಲಿ ಯಾರೋ ಆಡುವ ಮಾತನ್ನು ಕೇಳಿಸಿಕೊಳ್ಳುವವರಂತೆ ಕುಳಿತು, ಆಮೇಲೆ “ಹೂಂ, ಈಗ” ಎನ್ನುತ್ತಿದ್ದರು. ಆ “ಈಗ” ತಪ್ಪಿದ್ದನ್ನು ನಾನು ಕಾಣೆ.

ಇದು ಎಪ್ಪತ್ತರ ದಶಕದ ನಡುವಿನ ಮಾತು. ಚಿಕ್ಕರಸಿನಕೆರೆಯಿಂದ ಮದುವೆಯಾಗಿ ಬಂದ ನಾನು ಮಂಡ್ಯದ ಪೇಟೆಬೀದಿ ಹಿಂದಿನ ಗಲ್ಲಿಯಲ್ಲಿ ಸಂಸಾರ ಹೂಡಿದ್ದೆ. ನಮ್ಮದು ಒಕ್ಕಲಿಗರ ಮನೆ. ನಮ್ಮ ಗೋಡೆಗೇ ಅಂಟಿದ್ದು ಹಾಸಿಗೆ ಹೊಲಿಯುವ ಸಾಬರ ಮನೆ. ಅವರ ಹೆಂಡತಿಯನ್ನು ಗಲ್ಲಿಯವರೆಲ್ಲ ಬೂಬಮ್ಮ ಎಂದೇ ಕರೆಯುತ್ತಿದ್ದೆವು. ಎದುರಿಗೆ ಮನೆಯೊಳಗೆ ತಮಿಳು ಮಾತಾಡುವ, ಸಕ್ಕರೆ ಕಾರ್ಖಾನೆಯ ಫಿಟ್ಟರ ಸಂಸಾರ. ಗಲ್ಲಿಯ ತುದಿಯಲ್ಲಿ ಬಂಡೂರು ಕಡೆಯ ಟೀಚರಮ್ಮ. ಅವರ ಮನೆಯ ನಡುಗೋಡೆಯ ಮೇಲೆ ಬುದ್ಧನ ಪಟ, ಅದಕ್ಕೆ ದಿನವೂ ಒಂದು ಕಣಗಿಲೆ ಹೂವು. ಇವರೆಲ್ಲರ ನಡುವೆ ಒಂದು ಕೋಣೆ, ಒಂದು ಜಗಲಿ. ಅಲ್ಲಿ ಮೊಸರಜ್ಜಿ. ಮಕ್ಕಳಿಲ್ಲದ ಬ್ರಾಹ್ಮಣ ವಿಧವೆ. ಸ್ಟೇಷನ್ ರಸ್ತೆಯ ಹೋಟೆಲಿಗೆ ಮೊಸರು ಹೆಪ್ಪು ಹಾಕಿ ಕೊಟ್ಟು ಹೊಟ್ಟೆ ಹೊರೆಯುತ್ತಿದ್ದರು.

ಈಗ ಇದನ್ನು ಹೇಳಿದರೆ ಕೇಳಿದವರು, ಎಂಥ ಚೆಂದದ ಬೀದಿ ಅನ್ನುತ್ತಾರೆ. ಚೆಂದ ಅಷ್ಟೇನಿರಲಿಲ್ಲ. ಒಬ್ಬರ ಮನೆಯ ಒಗ್ಗರಣೆಗೆ ಇನ್ನೊಬ್ಬರ ಮನೆಯಲ್ಲಿ ಸೀನು. ನಲ್ಲಿಯ ಮುಂದೆ ಕೊಡಕ್ಕೆ ಕೊಡ ತಾಗಿದರೆ ಜಗಳ. ಯಾರ ಮನೆಯಲ್ಲಿ ಏನು ಬೇಯುತ್ತಿದೆ ಎಂದು ಎಲ್ಲರಿಗೂ ಗೊತ್ತು, ಆದರೆ ಯಾರೂ ಯಾರ ಮನೆಯಲ್ಲೂ ಕೈತೊಳೆದವರಲ್ಲ. ಕಬ್ಬು ಅರೆಯುವ ಕಾಲಕ್ಕೆ ಕಾರ್ಖಾನೆಯ ಚಿಮಣಿಯಿಂದ ಹಾರಿ ಬಂದ ಕರಿಬೂದಿ ಎಲ್ಲರ ಬಟ್ಟೆಯ ಮೇಲೂ ಬೀಳುತ್ತಿತ್ತು. ಅಜ್ಜಿ ತಮ್ಮ ಮಡಿಸೀರೆಯನ್ನು ಕೊಡವುತ್ತ, “ಹಾಳು ಬೂದಿ, ಮೊದಲು ಸಾಬರ ಮನೆ ಮೇಲೆ ಬೀಳತ್ತೆ, ಅಲ್ಲಿಂದ ಎದ್ದು ನನ್ನ ಮನೆಗೆ ಬರತ್ತೆ” ಎಂದು ಬೈಯುತ್ತಿದ್ದರು. ಬೂಬಮ್ಮ ಒಳಗಿನಿಂದಲೇ, “ತಡ್ಕಳಿ ಅಜ್ಜಿ, ನಾಳೆಯಿಂದ ನಿಮ್ಮನೆಗೇ ಮೊದ್ಲು ಓಗು ಅಂತೀನಿ” ಎನ್ನುತ್ತಿದ್ದಳು.

ಮನೆಯಿಂದ ಮನೆಗೆ ದಾಟುತ್ತಿದ್ದುದು ಹೆಪ್ಪು ಒಂದೇ. ದೀಪ ಹಚ್ಚುವುದಕ್ಕೆ ಮೊದಲು ಬಟ್ಟಲು ಹಿಡಿದು ಹೋಗಬೇಕು. ದೀಪ ಹಚ್ಚಿದ ಮೇಲೆ ಅಜ್ಜಿ ಯಾರಿಗೂ ಕೊಟ್ಟವರಲ್ಲ. ಬಟ್ಟಲನ್ನು ಜಗಲಿಯ ಕೆಳಗಿಟ್ಟು ಹಿಂದೆ ಸರಿಯಬೇಕು. ಅವರು ಮೇಲಿನಿಂದ, ಮುಟ್ಟದೆ, ಒಂದು ಸೌಟು ಸುರಿಯುತ್ತಿದ್ದರು. ಮಳವಳ್ಳಿ ಕಡೆಯ ತವರಿನಿಂದ ಮದುವೆಯಾಗಿ ಬರುವಾಗ ಮಡಿಲಲ್ಲಿ ತಂದ ಹೆಪ್ಪಂತೆ ಅದು, ಅಂದಿನಿಂದ ಮುರಿದಿಲ್ಲವಂತೆ. “ಹಾಲು ಹಸುವಿನದು, ಅದಕ್ಕೆ ಜಾತಿ ಇಲ್ಲ. ಹೆಪ್ಪು ಬಿದ್ದ ಮೇಲೆ ಹೆಪ್ಪು ಯಾರ ಮನೆಯದೋ ಮೊಸರು ಆ ಮನೆಯದು. ನೀವೆಲ್ಲ ದಿನಾ ಉಣ್ಣೋದು ನನ್ನ ಮನೆ ಮೊಸರೇ ಕಣ್ರೇ” ಎಂದು ಜಂಬದಿಂದ ಹೇಳುತ್ತಿದ್ದರು. ನಾವೂ ಹೌದೆನ್ನುತ್ತಿದ್ದೆವು. ನಾಳೆಗೆಂದು ಒಂದು ಚಮಚ ಉಳಿಸುವ ಅಭ್ಯಾಸವೇ ನಮಗಿರಲಿಲ್ಲ. ಬಟ್ಟಲು ಬಳಿದು ಉಣ್ಣುವುದು, ಮತ್ತೆ ಹೋಗಿ ನಿಲ್ಲುವುದು.

ಒಂದು ಬೇಸಿಗೆಯಲ್ಲಿ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದರು. ಬಲಗೈ ಮಣಿಕಟ್ಟು ಮುರಿಯಿತು, ಸೊಂಟ ಹಿಡಿದುಕೊಂಡಿತು. ಆಸ್ಪತ್ರೆ ಬೇಡವೇ ಬೇಡ ಎಂದರು. ನಾಟಿ ವೈದ್ಯ ಬಂದು ಬಿದಿರು ದಬ್ಬೆ ಇಟ್ಟು ಕಟ್ಟು ಕಟ್ಟಿ ಹೋದ. ಕಟ್ಟಿನಿಂದ ಆಚೆಗೆ ಬೆರಳುಗಳ ತುದಿ ಮಾತ್ರ ಕಾಣುತ್ತಿತ್ತು.

ಈ ಗಡಿಬಿಡಿಯಲ್ಲಿ ಮೊಸರಿನ ಗಡಿಗೆಯನ್ನು ಯಾರೂ ನೋಡಲಿಲ್ಲ. ನೋಡುವ ಹೊತ್ತಿಗೆ ಅದು ಹುಳಿತು, ನೊರೆಯೆದ್ದು, ಹುಳುವಾಗಿತ್ತು. ಕೈ ಮುರಿದಾಗ ಅಳದ ಅಜ್ಜಿ ಗಡಿಗೆಯನ್ನು ತಿಪ್ಪೆಗೆ ಎಸೆದೆವೆಂದು ಕೇಳಿ ಗೋಡೆಯ ಕಡೆ ತಿರುಗಿ ಅತ್ತರು. “ಸತ್ತೇ ಹೋಯ್ತೇನೇ? ನಿಮ್ಮಗಳ ಮನೇಲಿ ಯಾರ ಹತ್ರಾನೂ ಒಂದು ಹನಿ ಉಳಿದಿಲ್ವೇನೇ?” ಎಂದು ನನ್ನನ್ನು ಕೇಳಿದರು. ನಮ್ಮ ಮನೆಯಲ್ಲಾಗಲೇ ಪೇಟೆಯ ಅಂಗಡಿಯ ಮೊಸರು ಬಂದಿತ್ತು.

ಆಮೇಲೆ ಶುರುವಾಯಿತು ನೋಡಿ, ಆ ಹಸಿವು. ಅವರಿಗೆ ಒಲೆ ಹಚ್ಚಲು ಕೈ ಇಲ್ಲ. ನಮ್ಮ ಕೈಯಡುಗೆ ಅವರಿಗೆ ಆಗದು. ಹೋಟೆಲಿನವರು ಕಳಿಸಿದ ಅನ್ನವನ್ನೂ, ಯಾರು ಬೇಯಿಸಿದರೋ ಎಂದು ಹಿಂದಕ್ಕೆ ಕಳಿಸಿದರು. ಹಾಲು ಕುಡಿದರೆ ಕಕ್ಕುತ್ತಿದ್ದರು. ಎಳನೀರಿಗೆ ಮೈಲಿಗೆ ಇಲ್ಲವೆಂದು ಟೀಚರಮ್ಮನ ಗಂಡ ದಿನಾ ಒಂದು ಕೆತ್ತಿ ಜಗಲಿಯ ಮೇಲಿಟ್ಟು ಹೋಗುತ್ತಿದ್ದರು. ಅವರ ಮಚ್ಚಿನ ಎಳನೀರು ಆಗುತ್ತಿತ್ತು. ಅವರ ಲೋಟದ ನೀರು ಆಗುತ್ತಿರಲಿಲ್ಲ.

ಸುದ್ದಿ ಮುಟ್ಟಿಸಿದ ಮೇಲೆ ಮದ್ದೂರಿನಿಂದ ಅಜ್ಜಿಯ ಮೈದುನನ ಮಗ ಬಂದ. ಚಪ್ಪಲಿಯನ್ನೂ ಬಿಡದೆ ಜಗಲಿಯ ಅಂಚಿಗೆ ಕುಳಿತ. ನಮ್ಮ ಗೋಡೆಗಳು ತೆಳು, ಅವನಾಡಿದ್ದೆಲ್ಲ ಕೇಳಿಸಿತು. “ನಮ್ಮನೇಲಿ ಜಾಗ ಇಲ್ಲ ದೊಡ್ಡಮ್ಮ, ಏನ್ಮಾಡ್ಲಿ? ಆದ್ರೆ ಒಂದು ಮಾತು. ಈ ಬೀದೀಲಿ ಆಚಾರ ಕೆಡಿಸ್ಕೋಬೇಡಿ. ನಾಳೆ ನಿಮ್ಮ ಕರ್ಮ ಮಾಡ್ಬೇಕಾದವನು ನಾನು. ಪುರೋಹಿತರು ಕೇಳ್ತಾರೆ, ನಾನು ಉತ್ತರ ಕೊಡ್ಬೇಕು.” ಒಂದು ಚಿಪ್ಪು ಬಾಳೆಹಣ್ಣು ಇಟ್ಟು ಎದ್ದು ಹೋದ.

ಅವತ್ತು ನಮ್ಮ ಮನೆಯಲ್ಲಿ ಬಸ್ಸಾರು, ಮುದ್ದೆ. ಒಗ್ಗರಣೆಯ ವಾಸನೆ ಅಜ್ಜಿಯ ಕೋಣೆಗೆ ಹೋಗುತ್ತದೆಂದು ಕಿಟಕಿ ಮುಚ್ಚಿದೆ. ಮುಚ್ಚಿದರೆ ಹೋಗದಿರುತ್ತದೆಯೇ? ಮುದ್ದೆ ಮುರಿಯದೆ ತಟ್ಟೆ ಸರಿಸಿದೆ. ಫಿಟ್ಟರ ಹೆಂಡತಿಯೂ ತಟ್ಟೆ ಬಿಟ್ಟು ಎದ್ದಳಂತೆ. ಎದ್ದರೆ ತಲೆ ಸುತ್ತಿ ಬೀಳುವ ಹೆಂಗಸೊಬ್ಬರು ತುಂಬಿದ ಅಡುಗೆಮನೆಗಳ ನಡುವೆ ಮಲಗಿ ಒಣಗುತ್ತಿದ್ದರು. ನಾವು ಸುತ್ತ ನಿಂತು ನೋಡುತ್ತಿದ್ದೆವು.

“ಇಷ್ಟು ಹಟ ಯಾಕಕ್ಕ ಇವ್ರಿಗೆ?” ಎಂದು ಟೀಚರಮ್ಮನನ್ನು ಕೇಳಿದೆ.

“ಹಟ ಅಲ್ಲ ಕಣಮ್ಮ, ಹೆದ್ರಿಕೆ. ಹಸಿವಿನ ಹೆದ್ರಿಕೆಯಲ್ಲ. ಹೆಣ ಎತ್ತೋರು ಯಾರು ಅನ್ನೋ ಹೆದ್ರಿಕೆ. ಉಂಡ್ರೆ ಅನಾಥ ಹೆಣ, ಉಣ್ದಿದ್ರೆ ಬೇಗ ಹೆಣ” ಎಂದರು.

ಬೂಬಮ್ಮ ಅಲ್ಲೇ ನಿಂತು ಕೇಳುತ್ತಿದ್ದಳು. ತಿರುಗಿ ತನ್ನ ಮನೆಯೊಳಗೆ ಹೋದಳು. ಬರುವಾಗ ಕೈಯಲ್ಲೊಂದು ಪಿಂಗಾಣಿ ಬಟ್ಟಲು. ನೇರ ಹೋಗಿ ಜಗಲಿಯ ಕೆಳಗೆ ನಿಂತಳು.

“ಅಜ್ಜಿ, ಮೊಸ್ರು ತಂದಿವ್ನಿ.”

ಒಳಗಿನಿಂದ ಸಣ್ಣ ದನಿ: “ಯಾರ ಮನೇದೇ?”

“ನಿಮ್ಮನೇದೇ.”

“ನನ್ನ ಮನೇದು ಸತ್ತು ಹೋಯ್ತಲ್ಲೇ.”

“ನಿಮ್ಮನೇಲಿ ಸತ್ತೋಯ್ತು. ನಮ್ಮನೇಲಿ ಬದುಕದೆ. ನಾನು ಮದ್ವೆಯಾಗಿ ಬಂದ ವರ್ಸ ಒಂದ್ಸಲ ಸುರ್ದಿದ್ರಿ, ನೆಪ್ಪೈತಾ? ಮ್ಯಾಲಿಂದ ಸುರ್ದಿದ್ಕೆ ಅರ್ದ ನೆಲಕ್ಕೇ ಚೆಲ್ಲೋಯ್ತು. ನಂಗೆ ಮಾನ ಓದಂಗಾಯ್ತು. ಇನ್ನೊಂದ್ಸಲ ಇವ್ರ ಬಾಗ್ಲಿಗೆ ಓಗಬಾರ್ದು ಅಂತ ಒಂದ್ ದಿನಾನೂ ಅದ್ನ ಸಾಯಕ್ಕೆ ಬುಡ್ಲಿಲ್ಲ ನಾನು. ತವರಿಗೆ ಓದ್ರೂ ಸೀಸೇಲಿ ತಕ್ಕೊಂಡ್ ಓಯ್ತಿದ್ದೆ. ಎಪ್ಪು ಯಾರ ಮನೇದೋ ಮೊಸ್ರು ಆ ಮನೇದು. ನೀವೇ ಅಲ್ವಾ ಯೋಳಿದ್ದು?”

ದಿನಾ ಬಟ್ಟಲು ಹಿಡಿದು ನಿಲ್ಲುತ್ತಿದ್ದ ನಮ್ಮ ಮನೆಗಳಲ್ಲಿ ಹೆಪ್ಪು ಉಳಿದಿರಲಿಲ್ಲ. ಮುನಿಸಿಕೊಂಡವಳ ಮನೆಯಲ್ಲಿ ಉಳಿದಿತ್ತು.

ಒಳಗೆ ಚಾಪೆ ಸರಿದ ಸದ್ದಾಯಿತು. ಕೊನೆಗೆ, “ಗೌಡತೀ, ಅದನ್ನ ಇಲ್ಲಿ ತಾ” ಎಂದರು. ಬಟ್ಟಲನ್ನು ನಾನು ಒಯ್ದೆ. ಕಟ್ಟಿನಿಂದ ಆಚೆಗಿದ್ದ ಆ ಬಿಳಿಯ ಕಿರುಬೆರಳನ್ನು ಅದ್ದಿ, ತಲೆ ಬಾಗಿಸಿ ನಾಲಿಗೆಗೆ ತಾಗಿಸಿಕೊಂಡರು. ಕಣ್ಣು ಮುಚ್ಚಿದರು. ಬಾಗಿಲಾಚೆ ಬೂಬಮ್ಮ ಸೆರಗನ್ನು ಬಾಯಿಗೊತ್ತಿ ನಿಂತಿದ್ದಳು.

“ಹೂಂ” ಎಂದರು ಅಜ್ಜಿ. “ನನ್ನದೇ.”

ಮೊದಲು ಬರಿ ಮೊಸರು. ಕೆಲವು ದಿನ ಕಳೆದ ಮೇಲೆ ನನ್ನನ್ನು ಹತ್ತಿರ ಕರೆದು, “ಬರಿ ಮೊಸರು ಹೊಟ್ಟೇಲಿ ನಿಲ್ಲಲ್ಲ ಕಣೇ. ಎರಡು ಅಗುಳು ಹಾಕಿ ಕಿವುಚು. ಯಾರ ಮನೆ ಅನ್ನ ಅಂತ ಮಾತ್ರ ಹೇಳ್ಬೇಡ” ಎಂದರು. ಹಾಗೆ ಒಂದು ದಿನ ನಮ್ಮ ಮನೆಯದು, ಒಂದು ದಿನ ಫಿಟ್ಟರ ಮನೆಯದು, ಒಂದು ದಿನ ಟೀಚರಮ್ಮನ ಮನೆಯದು. ಟೀಚರಮ್ಮ ಅಗುಳೇ ಕಾಣದ ಹಾಗೆ ನುಣ್ಣಗೆ ಕಿವುಚಿ ತರುತ್ತಿದ್ದರು. ಬಟ್ಟಲನ್ನು ನನ್ನ ಕೈಗೆ ಕೊಟ್ಟು ಬಾಗಿಲ ಹೊರಗೇ ನಿಂತು, “ನನ್ ಅನ್ನ ಒಳಗೋಗ್ತದೆ, ನಾನು ಹೋಗಂಗಿಲ್ಲ. ನೋಡಮ್ಮ ಚೋದ್ಯವ” ಎಂದು ಒಮ್ಮೆ ನಕ್ಕರು. ಆ ನಗು ನನಗೆ ಹಿಡಿಸಲಿಲ್ಲ. ಅಳುವುದಕ್ಕಿಂತ ಕಡೆಯಾಗಿತ್ತು.

ಆದರೆ ಹೊಟ್ಟೆಗೆ ಬೀಳುವ ಹೊತ್ತಿಗೆ ತಡವಾಗಿತ್ತು. ಅಜ್ಜಿಯ ಕಾಲು ಬಾತವು. ಕೈಯ ಕಟ್ಟು ಬಿಚ್ಚಿದರೂ ಕೈ ಎತ್ತಲಾಗಲಿಲ್ಲ. ಒಂದು ಬೆಳಿಗ್ಗೆ ನಾನು ಉಣಿಸುತ್ತಿದ್ದಾಗ ಎರಡು ತುತ್ತಿಗೇ ಸಾಕೆಂದು ತುಟಿ ಬಿಗಿದರು. ಆಮೇಲೆ ನಿಧಾನವಾಗಿ ಹೇಳಿದರು: “ಹುಳಿ ಜಾಸ್ತಿಯಾಗಿದೆ. ಹಾಲು ಇನ್ನೂ ಬಿಸಿ ಇರೋವಾಗಲೇ ಹೆಪ್ಪು ಹಾಕ್ತಾಳೆ. ಆತುರಗೇಡಿ. ಹೇಳು ಅವಳಿಗೆ.”

“ಹೇಳ್ತೀನಿ ಅಜ್ಜಿ.”

“ಅನ್ನ ಯಾರದು ಇವತ್ತು?”

ಹೇಳಬೇಡ ಎಂದವರು ಅವರೇ. ನಾನು ಬಟ್ಟಲು ಬಳಿಯತೊಡಗಿದೆ.

“ನೀನು ಬಾಯಿ ಬಿಡದಿದ್ರೆ ತಿಳಿಯಲ್ವೇನೇ ನಂಗೆ? ಇಷ್ಟು ನುಣ್ಣಗೆ ಕಿವುಚೋಳು ಒಬ್ಬಳೇ. ಹೊರಗೆ ನಿಂತಿದಾಳೇನೋ. ಒಳಗೆ ಕರಿ ಅವಳನ್ನ.”

ಟೀಚರಮ್ಮ ಆಗಲೇ ಸ್ಕೂಲಿಗೆ ಹೋಗಿದ್ದರು. ನಾನು ಓಡಿದೆ. ಸೆರಗು ಸರಿಮಾಡಿಕೊಳ್ಳದೆ ಬಸ್ಸು, ಎತ್ತಿನಗಾಡಿಗಳ ನಡುವೆ ಓಡಿದೆ. ತರಗತಿಯ ಬಾಗಿಲಲ್ಲಿ ನಿಂತಾಗ ನನ್ನ ಬಾಯಿಂದ “ಅಜ್ಜಿ, ಬನ್ನಿ” ಅನ್ನುವುದರ ಹೊರತು ಬೇರೆ ಮಾತು ಹೊರಡಲಿಲ್ಲ. ಇಬ್ಬರೂ ಗಲ್ಲಿಗೆ ತಿರುಗುವಾಗಲೇ ಬೂಬಮ್ಮನ ಗೋಳು ಕೇಳಿಸಿತು. ಟೀಚರಮ್ಮ ಅಭ್ಯಾಸದಂತೆ ಬಾಗಿಲ ಹೊರಗೇ ನಿಂತುಬಿಟ್ಟರು.

ಸಂಜೆಯ ಹೊತ್ತಿಗೆ ಮದ್ದೂರಿನ ಮೈದುನನ ಮಗ ಪುರೋಹಿತರೊಡನೆ ಬಂದ. ಗೋಡೆ ಬದಿಯಲ್ಲಿ ನಾವು ಹೆಂಗಸರು ನಿಂತಿದ್ದೆವು. ಅವನು ಹೆಣದ ಹತ್ತಿರಕ್ಕೆ ಹೋಗಲಿಲ್ಲ, ಜಗಲಿಯಲ್ಲೇ ತಡೆದ. ನಮ್ಮೆಲ್ಲರ ಮುಖ ನೋಡಿ ಕೇಳಿದ:

“ಕೊನೆಕೊನೆಗೆ ಇವರಿಗೆ ಅನ್ನ ಹಾಕ್ತಿದ್ದವರು ಯಾರು?”

ಒಂದು ಮಾತು ಹೆಚ್ಚುಕಡಿಮೆಯಾದರೆ ಅವನು ತಿರುಗಿ ಬಸ್ಸು ಹತ್ತುತ್ತಾನೆ, ಅಜ್ಜಿ ಹೆದರಿದ್ದೇ ಆಗುತ್ತದೆ.

ಮುಂದೆ ಬಂದವರು ಟೀಚರಮ್ಮ. “ಅನ್ನ ಯಾರೂ ಹಾಕಿಲ್ಲ ಸ್ವಾಮಿ. ಮೊಸರು ಬಿಟ್ಟು ಅವರು ಬೇರೇನೂ ಮುಟ್ಟಲಿಲ್ಲ.”

“ಮೊಸರು ಯಾರ ಮನೇದು?”

“ಅವ್ರ ಮನೇದೇ” ಎಂದಳು ಬೂಬಮ್ಮ. “ಬೇಕಾದ್ರೆ ಆಣೆ ಇಡ್ತೀನಿ.”

ಅವನು ಉತ್ತರೀಯವನ್ನು ಸೊಂಟಕ್ಕೆ ಬಿಗಿದು ಒಳಗೆ ಹೋದ. ಹೆಣ ಎತ್ತಿದರು. ಬೆಳಿಗ್ಗೆ ತಾವು ಬೇಯಿಸಿದ ಅನ್ನ ಅವರ ಹೊಟ್ಟೆಯಲ್ಲಿರುವಾಗ, ಹಾಕಿಯೇ ಇಲ್ಲ ಎಂದು ಹೇಳಿದ ಟೀಚರಮ್ಮ ದಾರಿ ಬಿಟ್ಟು ಗೋಡೆಗೆ ಒತ್ತಿಕೊಂಡು ನಿಂತರು.

ಎಲ್ಲ ಮುಗಿದ ಮೇಲೆ, ಕೊನೆಗೆ ಅಜ್ಜಿ ಹೇಳಿದ್ದನ್ನು ಅವರಿಗೆ ಹೇಳಿದೆ. “ಒಳಗೆ ಕರಿ ಅಂದ್ರಾ? ನಿಜ ಹೇಳು” ಎಂದರು. ನಿಜವೆಂದೆ. ಖಾಲಿ ಕೋಣೆಯ ಹೊಸ್ತಿಲು ದಾಟಿ ಒಳಗೆ ಹೋಗಿ, ನಡುವೆ ಸ್ವಲ್ಪ ಹೊತ್ತು ನಿಂತರು. ಕೂರಲು ಒಂದು ಚಾಪೆಯೂ ಉಳಿದಿರಲಿಲ್ಲ. ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋದರು. ಹುಳಿಯ ಮಾತನ್ನು ಬೂಬಮ್ಮನಿಗೆ ಮುಟ್ಟಿಸಿದೆ. “ಸಾಯೋವಾಗ್ಲೂ ಕೊಂಕೇ ಆ ಮುದುಕಿಗೆ!” ಎಂದು ನಕ್ಕವಳು, ನಗುತ್ತಲೇ ಕುಸಿದು ಕುಳಿತಳು.

ಆ ಗಲ್ಲಿ ಈಗಿಲ್ಲ. ಮನೆಗಳು ಹೋಗಿ ಅಂಗಡಿಸಾಲು ಬಂದಿದೆ, ನಾವೆಲ್ಲ ಒಂದೊಂದು ದಿಕ್ಕಿಗಾದೆವು. ಅಲ್ಲಿಂದ ಹೊರಡುವ ದಿನ ಬೂಬಮ್ಮನ ಗಡಿಗೆಯಿಂದ ತಂದ ಹೆಪ್ಪು ನಮ್ಮ ಮನೆಯಲ್ಲಿ ಇನ್ನೂ ಸತ್ತಿಲ್ಲ. ಈ ಬಡಾವಣೆಯಲ್ಲೂ ಯಾರಾದರೂ ಕೇಳಿಕೊಂಡು ಬರುತ್ತಾರೆ. ದೀಪ ಹಚ್ಚಿದ ಮೇಲೆ ಬಂದರೂ ಇಲ್ಲವೆನ್ನುವುದಿಲ್ಲ. ಕೆಲವರು ಈಗಲೂ ಬಟ್ಟಲನ್ನು ಹೊಸ್ತಿಲಾಚೆ ನೆಲಕ್ಕಿಟ್ಟು ಹಿಂದೆ ಸರಿಯುತ್ತಾರೆ. ನಾನು ಬಗ್ಗಿ ಆ ಬಟ್ಟಲನ್ನು ಕೈಗೆತ್ತಿಕೊಳ್ಳುತ್ತೇನೆ, ಆಮೇಲೆ ಹಾಕುತ್ತೇನೆ. ಒಂದು ಹನಿಯೂ ಚೆಲ್ಲದ ಹಾಗೆ.