ಪೆಡಲ್ ಬಿಚ್ಚಿದ ರಿಪೇರಿ ಅಂಕಲ್

ತೊಂಬತ್ತರ ದಶಕದ ಸಿಡ್ನಿಯಲ್ಲಿ, ಪೆಂಡಲ್ ಹಿಲ್‌ನ ನಮ್ಮ ಬೀದಿಯವರಿಗೆಲ್ಲ ಅವರು ರಿಪೇರಿ ಅಂಕಲ್. ಏನೇ ಕೆಟ್ಟರೂ ಅವರ ಗ್ಯಾರೇಜಿಗೆ ಒಯ್ಯುತ್ತಿದ್ದೆವು. ಏನಾದರೂ ಸುಟ್ಟಿದೆಯೇ ಎಂದು ಅವರು ಮೊದಲು ಅದನ್ನು ಮೂಸಿ ನೋಡಿ, "ಯಾರು ಮಾಡಿದ್ರು ಅನ್ನೋದು ಬೇಡ, ಏನಾಯ್ತು ಹೇಳಿ," ಎನ್ನುತ್ತಿದ್ದರು.

ಒಂದು ಶನಿವಾರ ಬೆಳಿಗ್ಗೆ ನನ್ನ ಮಗಳ ಗಿಟಾರ್ ಪೆಡಲ್, ಗಿಟಾರಿನ ದನಿ ಬದಲಿಸಲು ಕಾಲಲ್ಲಿ ಒತ್ತುವ ಪೆಟ್ಟಿಗೆ, ಕೆಟ್ಟು ಕೂತಿತು. ಸಂಜೆಯೇ ಅವಳು ಯುಗಾದಿ ಕಾರ್ಯಕ್ರಮದಲ್ಲಿ ನುಡಿಸಬೇಕಿತ್ತು. ಯಾವ ವಸ್ತುವನ್ನೂ ಜೋಪಾನ ಮಾಡುವುದಿಲ್ಲವೆಂದು ದಾರಿಯುದ್ದಕ್ಕೂ ಅವಳನ್ನು ಬೈದೆ.

ಅಂಕಲ್ ಪೆಡಲನ್ನು ಮೂಸಿದರು, ಅದರ ಜೊತೆ ತಂದಿದ್ದ ಕರೆಂಟಿನ ಅಡಾಪ್ಟರನ್ನು ತಿರುಗಿಸಿ ಓದಿದರು. "ಇದು ಪೆಡಲಿನ ಅಡಾಪ್ಟರ್ ಅಲ್ಲ. ಪ್ಲಸ್ಸು ಮೈನಸ್ಸು ಉಲ್ಟಾ ಇದೆ."

ಅದು ನನ್ನ ರೇಡಿಯೊದ ಅಡಾಪ್ಟರ್. ಹಿಂದಿನ ದಿನ ವೈರುಗಳನ್ನೆಲ್ಲ ಒಪ್ಪವಾಗಿ ಸುತ್ತಿಡುವಾಗ ಅದಲುಬದಲು ಮಾಡಿದ್ದವನು ನಾನೇ.

ಉಲ್ಟಾ ಕರೆಂಟನ್ನು ತಡೆಯಲು ಹೋಗಿ ಸುಟ್ಟಿದ್ದ, ಅಕ್ಕಿಕಾಳಿನಷ್ಟು ಚಿಕ್ಕ ಡಯೋಡನ್ನು ಅವರು ಕಿತ್ತು, ಹೊಸದನ್ನು ಬೆಸೆದರು. ತಮ್ಮದೇ ಅಡಾಪ್ಟರ್ ಚುಚ್ಚಿದಾಗ ಪೆಡಲಿನ ಕೆಂಪು ದೀಪ ಹತ್ತಿತು.

"ಥ್ಯಾಂಕ್ಸ್ ಅಂಕಲ್! ಸೋ, ಇಟ್ ವಾಸ್ ಮೈ ಫಾಲ್ಟ್?" ಎಂದಳು ಮಗಳು.

ನಾನು ಅವರತ್ತ ಬಾಗಿ, "ಸಾರ್, ಅಡಾಪ್ಟರ್ ಬದಲಾಯಿಸಿದ್ದು ನಾನು," ಎಂದು ಪಿಸುಗುಟ್ಟಿದೆ.

"ನನ್ ಕಿವೀಲಿ ಯಾಕೆ ಹೇಳ್ತೀರಾ ಸಾರ್? ಅವಳು ಅಲ್ಲೇ ನಿಂತಿದಾಳಲ್ಲ, ಅವಳಿಗೆ ಹೇಳಿ."

ಹೇಳಿದೆ. ನಾನು ಹೇಳಿ ಮುಗಿಸುವವರೆಗೂ ಅವರು ಪೆಡಲನ್ನು ಕೈಗೆ ಕೊಡಲಿಲ್ಲ.