ರೊಟ್ಟಿ ಬಡಿಯುವಾಗ ಸಿಗದ ಮಿಡಿತ

ಕಾರಹುಣ್ಣಿಮೆಯ ಮರುದಿನ ಬೆಳಿಗ್ಗೆ ಏಳೂ ನಲವತ್ತಕ್ಕೆ ನಾನು ಶಹಾಪುರದ ನಮ್ಮ ಮನೆಯ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ. ಎಡಗೈ ಚೌಕಟ್ಟಿನ ಮೇಲಿತ್ತು, ಬಲಗೈಯಲ್ಲಿ ಚಹಾದ ಕಪ್ಪು. ಹೊತ್ತು ಇಷ್ಟು ಸರಿಯಾಗಿ ನೆನಪಿರಲು ಕಾರಣವಿದೆ. ಎಂಟೂ ಹತ್ತರ ಯಾದಗಿರಿ ಬಸ್ಸಿಗೆ ಹೊರಟಿದ್ದೆ, ಗಡಿಯಾರ ನೋಡಿಯೇ ಬುತ್ತಿ ಕೇಳಲು ಹೋಗಿದ್ದೆ.

ನನ್ನಿಂದ ಐದು ಹೆಜ್ಜೆ ದೂರದಲ್ಲಿ ಅಕ್ಕ ನೆಲದ ಮೇಲೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಭಾವ ತೀರಿಕೊಂಡ ಮೇಲೆ ನಮ್ಮ ಮನೆಗೆ ಬಂದವಳು. ಅವಳ ಹೃದಯದ ಮೇಲಿನ ಕೋಣೆಯ ಮಿಡಿತದ ಸುದ್ದಿ ಕೆಳಗಿನ ಕೋಣೆಗೆ ತಲುಪುವುದಿಲ್ಲ. ಮೊದಲು ಕಾಲರ್ ಎಲುಬಿನ ಕೆಳಗೆ ವೈರಿನ ಪೇಸ್‌ಮೇಕರ್ ಇಟ್ಟಿದ್ದರು. ಅಲ್ಲಿ ಕೀವಾಗಿ ಅದನ್ನು ತೆಗೆದರು. ಆಮೇಲೆ ತೊಡೆಯ ನರದಿಂದ ಒಯ್ದು, ವೈರಿಲ್ಲದ, ದೊಡ್ಡ ಗುಳಿಗೆಯಷ್ಟಿರುವ ಯಂತ್ರವನ್ನು ಹೃದಯದ ಒಳಗೇ ಕೂರಿಸಿದರು.

ಆ ಬೆಳಿಗ್ಗೆ ರೊಟ್ಟಿ ಬಡಿಯುವ ಸಪ್ಪಳ ನಡುವೆಯೇ ನಿಂತಿತು. ಅಕ್ಕನ ಕುತ್ತಿಗೆಯ ನರ ಎದ್ದೆದ್ದು ಬಡಿಯುವುದು ನನಗೆ ಬಾಗಿಲಿನಿಂದಲೇ ಕಾಣುತ್ತಿತ್ತು. ಅವಳು ಎಡಕ್ಕೆ ವಾಲಿದಳು, ಎಡ ಅಂಗೈ ಕಾದ ಹಂಚಿನ ಮೇಲೆ ಬಿತ್ತು. ಪಕ್ಕದಲ್ಲಿದ್ದ ನನ್ನ ಹೆಂಡತಿ "ಅಕ್ಕಾರ!" ಎಂದು ಕೂಗಿ ತೋಳು ಹಿಡಿದು ಎಳೆದಳು. ನಾನು ಮೊದಲು ಕಪ್ಪನ್ನು ಕೆಳಗಿಟ್ಟೆ. ಚೆಲ್ಲದಂತೆ ಇಟ್ಟೆ. ಆಮೇಲೆ ಹೋದೆ.

ಯಾದಗಿರಿಗೆ ತಿಂಗಳಿಗೊಮ್ಮೆ ಹೃದಯದ ಡಾಕ್ಟರೊಬ್ಬರು ಬರುತ್ತಾರೆ. ಅವರ ಜೊತೆ ಪೇಸ್‌ಮೇಕರ್ ಪರೀಕ್ಷಿಸುವ ಹುಡುಗಿ ತನ್ನ ಯಂತ್ರದೊಂದಿಗೆ ಬರುತ್ತಾಳೆ. ಅಕ್ಕನನ್ನು ಅಲ್ಲಿಗೆ ಕರೆದೊಯ್ದೆ. ಹುಡುಗಿ ಅವಳನ್ನು ಮಲಗಿಸಿ, ಎದೆಯ ಮೇಲೆ ಚಪ್ಪಟೆ ಬಿಲ್ಲೆಯಂಥದ್ದನ್ನು ಇಟ್ಟು, ಪರದೆ ನೋಡಿ, ಎಲ್ಲ ಸರಿ ಇದೆ ಎಂದಳು.

ಡಾಕ್ಟರು ಕೇಳಿದ್ದು ನನ್ನನ್ನು. "ಮನ್ಯಾಗ ಕೆಲಸ ಏನರ ಮಾಡ್ತಾರೇನ್ರಿ?"

"ಇಲ್ರಿ. ಒಂದು ಕಡ್ಡಿ ಸೈತ ಎತ್ತಾಕ ಬಿಡಂಗಿಲ್ರಿ."

"ಕೈ ಹೆಂಗ ಸುಟ್ಟೈತಿ?"

"ಹಾಲಿನ ಪಾತ್ರಿ ತಾಗೇತ್ರಿ."

ಪಕ್ಕದಲ್ಲೇ ಇದ್ದ ಅಕ್ಕ ಸುಟ್ಟ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಎದೆಯ ರೋಗವಿರುವ ಅಕ್ಕನಿಂದ ರೊಟ್ಟಿ ಬಡಿಯಿಸಿಕೊಂಡು ತಿನ್ನುತ್ತೇನೆ ಎಂದು ಪರರ ಮುಂದೆ ಹೇಗೆ ಹೇಳಲಿ? ತವರಿಗೆ ಬಂದ ಹೆಣ್ಣುಮಗಳನ್ನು ದುಡಿಸುವ ಮನೆ ಎಂದರೆ ನಮ್ಮಲ್ಲಿ ನಾಲ್ಕು ಜನ ಆಡಿಕೊಳ್ಳುತ್ತಾರೆ. ನಾವು ಬೇಡ ಅಂದದ್ದೂ ನಿಜ, ಅವಳು ಕೇಳದೇ ಇದ್ದದ್ದೂ ನಿಜ. "ನಾ ಬಡೀಲಿಲ್ಲಂದ್ರ ಈ ಮನ್ಯಾಗ ರೊಟ್ಟಿ ಆಗಂಗಿಲ್ಲ, ಚಪ್ಪಲಿ ಆಗ್ತಾವ" ಅನ್ನುತ್ತಿದ್ದಳು. ಆದರೆ ಆ ರೊಟ್ಟಿ ದಿನವೂ ಹೋಗುತ್ತಿದ್ದದ್ದು ನನ್ನ ಬುತ್ತಿಗೆ. ಡಾಕ್ಟರು ಫೈಲಿನಲ್ಲಿ, ಮನೆಗೆಲಸವಿಲ್ಲ ಎಂದು ಬರೆದುಕೊಂಡರು.

ಸುಟ್ಟ ಅಂಗೈ ಮಾಯ್ದ ಮೇಲೆ, ಒಂದೂವರೆ ತಿಂಗಳಿಗೆ ಸುರಪುರದಲ್ಲಿ, ಅಕ್ಕನ ಮಗಳ ಮನೆಯ ತೊಟ್ಟಿಲ ಕಾರ್ಯದಲ್ಲಿ, ಮತ್ತೆ ಹಾಗೇ ಆಯಿತು. ರೊಟ್ಟಿಗೆ ಕೂತಿದ್ದಳು, ವಾಲಿದಳು. ಅಲ್ಲಿನ ಡಾಕ್ಟರು ಅವಳ ಕಾಲರ್ ಎಲುಬಿನ ಕೆಳಗೆ ಒತ್ತಿ ನೋಡಿದರು.

"ಪೇಸ್‌ಮೇಕರ್ ತಗದಾರಲ್ರಿ. ಇಲ್ಲಿ ಖಾಲಿ ಐತಿ."

"ಹೊಸಾದು ಎದಿ ಒಳಗ ಐತ್ರಿ. ವೈರ್ ಇಲ್ದಿದ್ದು."

"ವೈರ್ ಇಲ್ದ ಹೆಂಗ ನಡೀತೈತ್ರಿ?" ಎಂದು ಅವರು ನನ್ನನ್ನೇ ಕೇಳಿದರು. ಮಲಗಿಸಿ ಈಸಿಜಿ ತೆಗೆದರು. ಸರಿ ಇತ್ತು. ಗ್ಯಾಸಿನ ಗುಳಿಗೆ ಬರೆದರು.

ಮತ್ತೆ ಯಾದಗಿರಿ. ಮತ್ತೆ ಮಲಗಿಸಿದರು, ಮತ್ತೆ ಎಲ್ಲ ಸರಿ. ನನಗೆ ಸಿಟ್ಟು ತಡೆಯಲಾಗಲಿಲ್ಲ. "ಬರೇ ಮಲಗಿಸಿ ನೋಡ್ತೀರಿ! ಅಕಿಗೆ ಮಲಗಿದಾಗ ಏನೂ ಆಗಂಗಿಲ್ರಿ!"

ಆ ಹುಡುಗಿ ಶಾಂತವಾಗಿ ಕೇಳಿದಳು. "ಮತ್ತ ಯಾವಾಗ ಆಗ್ತೈತ್ರಿ ಸರ್?"

"ಕೂತಾಗ" ಎಂದೆ. ಕೂರಿಸಿ ನೋಡಿದಳು, ಸರಿ ಇತ್ತು. ನಡೆಸಿ ನೋಡಿದಳು, ಸರಿ ಇತ್ತು.

"ಕೂತು ಏನ್ ಮಾಡುವಾಗ್ರಿ?"

ನಾನು ಅಕ್ಕನ ಮುಖ ನೋಡಿದೆ. ಅಕ್ಕ ಫ್ಯಾನು ನೋಡುತ್ತಿದ್ದಳು.

"ರೊಟ್ಟಿ ಬಡಿಯುವಾಗ್ರಿ" ಎಂದೆ. "ದಿನಾ ನಲವತ್ತು."

"ಮೂವತ್ತಾರು" ಎಂದಳು ಅಕ್ಕ. ಆ ಕೋಣೆಯಲ್ಲಿ ಅವಳು ಆಡಿದ ಮೊದಲ ಮಾತು ಅದು.

ಹುಡುಗಿ ಒಂದು ಟಾವೆಲ್ ಒದ್ದೆ ಮಾಡಿ ಮಡಚಿ, ಸ್ಟೀಲ್ ತಟ್ಟೆಯಲ್ಲಿಟ್ಟು ನೆಲದ ಮೇಲೆ ಇಟ್ಟಳು. "ಬಡೀರಿ ಅಮ್ಮಾ."

"ಹಿಟ್ಟಿಲ್ದ ಏನ್ ಬಡೀಲೆವ್ವಾ? ಇದನ್ನ ಬೇಯಿಸಿ ನಿನಗ ಉಣ್ಣಾಕ ಕೊಡ್ಲೇನು?" ಅಂದರೂ ಬಡಿದಳು.

ನಾನು ಪರದೆ ನೋಡುತ್ತಿದ್ದೆ. ಅಲ್ಲಿಯವರೆಗೆ ಪ್ರತಿ ದೊಡ್ಡ ಅಲೆಯ ಮುಂದೆ ಗೆರೆಯಲ್ಲಿ ಒಂದು ಸಣ್ಣ ಉಬ್ಬು ಬರುತ್ತಿತ್ತು. ಮೇಲಿನ ಕೋಣೆ ಕುಗ್ಗಿ ರಕ್ತವನ್ನು ಕೆಳಗೆ ನೂಕುವಾಗಿನ ಅಲುಗಾಟ ಅದು. ಗುಳಿಗೆಯಂಥ ಆ ಯಂತ್ರ ಇರುವುದು ಕೆಳಗಿನ ಕೋಣೆಯಲ್ಲಿ. ಮೇಲಿನದನ್ನು ಮುಟ್ಟುವ ವೈರು ಅದಕ್ಕಿಲ್ಲ. ಆ ನೂಕನ್ನು ಗುರುತಿಸಿಯೇ ಅದು ಕೆಳಗಿನ ಕೋಣೆಯನ್ನು ಹೊತ್ತಿಗೆ ಸರಿಯಾಗಿ ಮಿಡಿಸಬೇಕು. ಅಕ್ಕನ ನೂಕು ಮೊದಲೇ ದುರ್ಬಲ. ಅವಳ ಅಂಗೈ ತಟ್ಟೆಗೆ ಬಿದ್ದ ಹಾಗೆ ಮೈಯೆಲ್ಲ ಅದುರಿ, ಗೆರೆ ತುಂಬ ಮುಳ್ಳು ಎದ್ದವು. ಸಣ್ಣ ಉಬ್ಬು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಗುಳಿಗೆಗೂ ತಿಳಿಯಲಿಲ್ಲ. ಅದು ಸಿಗದಿದ್ದಾಗ ಗುಳಿಗೆ ತನ್ನ ಪಾಡಿಗೆ ನಿಧಾನವಾಗಿ ಮಿಡಿಸುತ್ತದೆ. ಮೇಲೆ ಕೆಳಗೆ ತಾಳ ತಪ್ಪಿ ತಲೆ ತಿರುಗುತ್ತದೆ ಎಂದು ಡಾಕ್ಟರು ವಿವರಿಸಿದರು. ಅಷ್ಟರಲ್ಲಿ ಅಕ್ಕನ ಕುತ್ತಿಗೆಯ ನರ ಎದ್ದಿತ್ತು. "ಸಾಕು, ನಿಲ್ಲಿಸ್ರಿ" ಎಂದು ಹುಡುಗಿ ಅವಳ ಕೈ ಹಿಡಿದಳು.

ಅರ್ಧ ಗಂಟೆ ಅದೇನೇನೋ ಬದಲಿಸಿ ನೋಡಿದರು. ನಿಧಾನವಾಗಿ ಬಡಿದರೆ ಉಬ್ಬು ಸಿಗುತ್ತಿತ್ತು. ಅಕ್ಕನ ವೇಗಕ್ಕೆ ಮತ್ತೆ ತಪ್ಪುತ್ತಿತ್ತು.

"ಈ ಯಂತ್ರದಿಂದ ಇಷ್ಟ ಆಗೋದ್ರಿ. ಸಾವಕಾಶ ಬಡೀರಿ, ಇಲ್ಲಂದ್ರ ಬಿಡ್ರಿ" ಎಂದರು ಡಾಕ್ಟರು.

"ಸಾವಕಾಶ ಬಡದ್ರ ರೊಟ್ಟಿ ಹರೀತಾವ್ರಿ" ಎಂದಳು ಅಕ್ಕ.

ಬಸ್ಸಿನಲ್ಲಿ ಕೇಳಿದೆ. "ನಾ ಇಲ್ಲ ಅಂದಾಗ ನೀನರ ಯಾಕ ಖರೇ ಹೇಳ್ಲಿಲ್ಲ?"

"ನೀ ಇಲ್ಲ ಅಂದ ಮ್ಯಾಲ ನಾ ಹೌದು ಅಂದು, ಮಂದ್ಯಾಗ ನಿನ್ನ ಮಾರಿ ಕೆಳಗ ಹಾಕ್ಲೇನು, ತಮ್ಮಾ?" ಎಂದು ಕಿಟಕಿಯತ್ತ ತಿರುಗಿದಳು. ಹಾಗೇ ಹೊರಗೆ ನೋಡುತ್ತ, "ಹೇಳಿದ್ರ ರೊಟ್ಟಿ ಬಿಡಸ್ತಿದ್ರು. ಈಗ ನೋಡು, ಬಿಡಿಸ್ಯಾರ" ಎಂದಳು.

ಈಗ ಹೆಂಡತಿ ಬಡಿಯುತ್ತಾಳೆ. ಅಕ್ಕ ಹಂಚಿನ ಪಕ್ಕ ಕೂತು ಮಗುಚಿ ಹಾಕುತ್ತಾಳೆ, ದಪ್ಪವಾದವನ್ನು ಬೇರೆ ಇಡುತ್ತಾಳೆ. ಕಾರಣ ಸಿಗದೆ ಕಳೆದ ಆ ತಿಂಗಳುಗಳಿಗಾಗಿ ನಾನು ಯಂತ್ರವನ್ನು ಬೈದೆ, ಡಾಕ್ಟರನ್ನು ಬೈದೆ. ಸುಳ್ಳು ಮಾತ್ರ ನನ್ನದು. ಫೈಲಿನಲ್ಲಿ ಮನೆಗೆಲಸವಿಲ್ಲ ಎಂಬ ಸಾಲು ಇನ್ನೂ ಇದೆ. ಹೊಡೆದು ಹಾಕಿ ಎಂದು ಡಾಕ್ಟರನ್ನು ಕೇಳಿದೆ. "ಹಳೇದು, ಇರಲಿ ಬಿಡ್ರಿ" ಎಂದರು. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ.

ಆ ಬೆಳಿಗ್ಗೆ ನಡೆದದ್ದನ್ನು ನನ್ನ ಹೊರತು ಕಂಡವರು ಮೂವರು. ಹೆಪ್ಪು ಕೇಳಲು ಹಿತ್ತಲ ಬಾಗಿಲಿಗೆ ಬಂದಿದ್ದ ಹಿಂದಿನ ಮನೆಯ ಅಜ್ಜಿ ಹೋದ ಚಳಿಗಾಲದಲ್ಲಿ ತೀರಿಕೊಂಡಳು. ನನ್ನ ಹೆಂಡತಿ ಇದ್ದಾಳೆ. ಕೇಳಿದರೆ ಚಹಾದ ಕಪ್ಪಿನ ಮಾತನ್ನೂ ಹೇಳುತ್ತಾಳೆ. ಅಕ್ಕ ಇದ್ದಾಳೆ. ಅವಳನ್ನು ಮಾತ್ರ ನನ್ನ ಮುಂದೆ ಕೇಳಬೇಡಿ. ಹಾಲಿನ ಪಾತ್ರೆ ತಾಗಿತ್ತು ಅನ್ನುತ್ತಾಳೆ.